ಸರದಿಯ ಮೇಲೆ ಕಟ್ಟಿದ ಊರು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನನ್ನು ಧಾರಾವಾಹಿ ನೋಡುವ ಹೆಂಗಸರ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ಸೋಮವಾರ ಕಣ್ಣು ಕೆಂಪಗಿದ್ದರೆ "ಏನ್ ಮೇಡಂ, ಭಾನುವಾರವೆಲ್ಲ ಟೀವಿ ಮುಂದೆನಾ?" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಚಿಂತಾಮಣಿಯಲ್ಲಿ ಗಣಿತ ಹೇಳಿಕೊಡುವ, ನಲವತ್ತು ದಾಟಿದ, ಎದೆಯೆತ್ತರ ಬೆಳೆದ ಮಗಳಿರುವ ಹೆಂಗಸು ರಜಾದಿನವೆಲ್ಲ ಕಂಪ್ಯೂಟರ್ ಆಟ ಆಡುತ್ತಾಳೆ ಎಂದು ಹೇಳಿ ನಂಬಿಸುವುದಕ್ಕಿಂತ ಧಾರಾವಾಹಿಯನ್ನು ಒಪ್ಪಿಕೊಳ್ಳುವುದು ಸುಲಭ.

ನಾನು ಆಡುವುದು ಗುಂಡು ಹಾರಿಸುವ ಆಟವಲ್ಲ, ಊರು ಕಟ್ಟುವ ಆಟ. ಶುರುವಿನಲ್ಲಿ ಒಂದು ಖಾಲಿ ನೆಲ, ಒಂದು ನದಿ ಇರುತ್ತದೆ. ಬಾವಿ ತೋಡಬೇಕು, ಕಾಲುವೆ ಎಳೆಯಬೇಕು, ಬೀದಿ ಹಾಕಬೇಕು, ಸಂತೆಗೆ ಜಾಗ ಬಿಡಬೇಕು. ಎಲ್ಲ ಸರಿಯಿದ್ದರೆ ಎಲ್ಲಿಂದಲೋ ಜನ ಗಂಟುಮೂಟೆ ಹೊತ್ತು ಬಂದು ನೆಲೆಸುತ್ತಾರೆ. ನೀರು ತಪ್ಪಿದರೆ ಹೊರಟುಹೋಗುತ್ತಾರೆ. ಅಷ್ಟೇ. ಗೆಲುವು ಅಂತ ಒಂದಿಲ್ಲ. ಗಂಟೆಗಟ್ಟಲೆ ಆಡಿದ ಮೇಲೆ ನಾವು ಹಾಕಿದ ಬೀದಿಯಲ್ಲಿ ಯಾರೋ ಒಬ್ಬ ಎತ್ತಿನ ಗಾಡಿ ಹೊಡೆದುಕೊಂಡು ಹೋಗುವುದನ್ನು ನೋಡುತ್ತ ಕೂರುವುದೇ ಅದರ ಸುಖ.

ಇದರ ಮೊದಲ ಭಾಗವನ್ನು ನಾನೂ ನನ್ನ ತಮ್ಮನೂ ಆಡಿದ್ದು ಮೇಲೂರಿನ ನಮ್ಮ ಮನೆಯಲ್ಲಿ. ನಮ್ಮದು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆತನ. ಮಗಳು ಸೈನ್ಸ್ ತೆಗೆದುಕೊಂಡಿದ್ದಾಳೆ, ಕಂಪ್ಯೂಟರ್ ಬೇಕೇ ಬೇಕು ಎಂದು ಯಾರೋ ಹೇಳಿದ ಮಾತು ಕೇಳಿ ಅಪ್ಪ ಗೂಡು ಮಾರಿದ ದಿನವೇ ಅದನ್ನು ತಂದಿದ್ದರು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಆಟದ ಡಿಸ್ಕ್ ಸಿಗುತ್ತಿತ್ತು. ಜೆರಾಕ್ಸ್ ಮಾಡಿದ ಚಿತ್ರ, ತೆಳ್ಳನೆ ಪ್ಲಾಸ್ಟಿಕ್ ಕವರು, ಡಿಸ್ಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ, ಆಟ ತೆರೆಯುವ ಕೀ ನಂಬರು. ಆಟಕ್ಕೆ ಇರುವ ಬೆಲೆಯೇ ಅಷ್ಟು ಎಂದು ನಾವು ತಿಳಿದಿದ್ದೆವು. ಅದು ಕದ್ದ ಮಾಲು ಎಂದು ಗೊತ್ತಾಗುವ ಹೊತ್ತಿಗೆ ಆ ಅಂಗಡಿಯವನು ಡಿಸ್ಕ್ ಬಿಟ್ಟು ಮೊಬೈಲ್ ಕವರ್ ಮಾರುತ್ತಿದ್ದ.

ಒಂದು ಕಂಪ್ಯೂಟರ್, ಇಬ್ಬರು ಮಕ್ಕಳು. ದಿನಾ ಜಗಳ. ಅಪ್ಪ ಅದನ್ನು ತೀರಿಸಿದ್ದು ತಮಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ. ನಮ್ಮ ಬಾವಿ ದೊಡ್ಡಪ್ಪನ ಮನೆಗೂ ನಮಗೂ ಜಂಟಿ. ತಾತನ ಕಾಲದಲ್ಲಿ ಹೊಲ ಭಾಗವಾದಾಗ ಬಾವಿಯನ್ನು ಕಡಿದು ಹಂಚಲು ಆಗಲಿಲ್ಲ, ಹಾಗಾಗಿ ಸರದಿ ಮಾಡಿಕೊಂಡರು. ಇಷ್ಟು ದಿನ ಅವರು ನೀರು ಕಟ್ಟಬೇಕು, ಇಷ್ಟು ದಿನ ನಾವು. ದೊಡ್ಡಪ್ಪನವರ ಸರದಿ ಮುಗಿದಾಗ ಅವರ ಮನೆಯಿಂದ ಯಾರಾದರೂ ಬಂದು ಬಾಗಿಲಲ್ಲಿ ನಿಂತು "ನೀರ್ ಬಿಟ್ಟಿದ್ದೀವಿ, ಕಟ್ಕೊಳ್ರಪ್ಪ" ಎಂದು ಕೂಗಿ ಹೋಗುತ್ತಿದ್ದರು. ಹಾಗೆ ಹೇಳದೆ ಇನ್ನೊಬ್ಬರು ಮೋಟರಿನ ಗುಂಡಿ ಮುಟ್ಟುವಂತಿರಲಿಲ್ಲ. ಕಂಪ್ಯೂಟರಿಗೂ ಅದೇ ಕಾನೂನು ಬಂತು. ತಮ್ಮ ಎದ್ದು ಬಂದು "ಅಕ್ಕಾ, ನೀರ್ ಬಿಟ್ಟಿದ್ದೀನಿ, ಕಟ್ಕೋ" ಅಂದರೆ ನನ್ನ ಸರದಿ.

ಇಬ್ಬರೂ ಒಂದೇ ಊರನ್ನು ಕಟ್ಟುತ್ತಿದ್ದೆವು. ಬೀದಿ, ಮನೆ, ಸಂತೆ ನನ್ನ ಪಾಲು. ಬಾವಿ, ಕಾಲುವೆ, ಹೊಲ ಅವನ ಪಾಲು. ಮೊದಲ ಬಾವಿ ಎಲ್ಲಿ ತೋಡಬೇಕೆಂದು ಅವನೇ ಹೇಳಬೇಕು. ನೆಲದ ಇಳಿಜಾರು ಅವನಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತಿತ್ತು. ನಾನು ಲೆಕ್ಕ ಹಾಕಿ ತೋರಿಸಿದ ಜಾಗದಲ್ಲಿ ತೋಡಿದಾಗಲೆಲ್ಲ ಊರು ಒಣಗಿದೆ.

ಮದುವೆಯಾಗಿ ಚಿಂತಾಮಣಿಗೆ ಬಂದೆ. ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಆಟಗಳನ್ನು ಇಂಟರ್ನೆಟ್‌ನಲ್ಲೇ ಕೊಳ್ಳುವ ಕಾಲ ಶುರುವಾಗಿತ್ತು. ಎರಡನೇ ಭಾಗ ಬಂದಿತ್ತು. ನನಗೆ ಸಂಬಳ ಬರುತ್ತಿತ್ತು, ದುಡ್ಡು ಕೊಟ್ಟೇ ಕೊಳ್ಳಬೇಕು ಎಂಬ ಹಟವೂ ಬಂದಿತ್ತು. ಆದರೆ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿರಬೇಕು, ಫೋನು ನೋಡಿದರೆ ಕಣ್ಣಿಗೆ ಕೆಟ್ಟದ್ದು ಎಂದು ಅಮ್ಮ ನನ್ನ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು. ಹಾಗಾಗಿ ಅಕೌಂಟ್ ತೆರೆದವನು ತಮ್ಮ. ಅವನ ಹೆಸರು, ಅವನ ನಂಬರು, ಅವನ ಇಮೇಲು. ದುಡ್ಡು ನನ್ನದು. ಆಮೇಲೂ ಕೊಂಡ ಆಟಗಳೆಲ್ಲ ಆ ಅಕೌಂಟಿಗೇ ಸೇರಿದವು. ಯಾರ ಹೆಸರಲ್ಲಿದ್ದರೆ ಏನು, ಮನೆಯದೇ ಅಲ್ಲವೇ ಎಂದುಕೊಂಡೆ. ಹಾಗೆಂದುಕೊಂಡೆ ಅನ್ನುವುದೂ ಹೆಚ್ಚಾಯಿತು. ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಅವನು ಮೇಲೂರಿನಲ್ಲಿ ಹುಳು ಸಾಕುತ್ತ, ನಾನು ಇಲ್ಲಿ ಪಾಠ ಹೇಳುತ್ತ ಸರದಿಯಲ್ಲಿ ಆಡಿದೆವು. ಒಂದೇ ಹೊತ್ತಿಗೆ ಇಬ್ಬರು ಒಳಗೆ ಹೋದರೆ ಒಬ್ಬರನ್ನು ಹೊರಗೆ ಹಾಕುತ್ತಿತ್ತು. ಅದಕ್ಕೇನು, ಬಾವಿಯೂ ಹಾಗೇ ಅಲ್ಲವೇ? ಅವನ ಹುಳು ಜ್ವರಕ್ಕೆ ಕೂತಾಗ, ಅಂದರೆ ಸೊಪ್ಪು ಬಿಟ್ಟು ಪೊರೆ ಕಳಚುವ ದಿನಗಳಲ್ಲಿ, ಅವನಿಗೆ ಬಿಡುವು. ಹುಳು ದೊಡ್ಡದಾಗಿ ಹಗಲೂ ಇರುಳೂ ಸೊಪ್ಪು ತಿನ್ನುವಾಗ ಸರದಿ ನನ್ನದು. ಅವನ ಸರದಿ ಮುಗಿಯುತ್ತಲೇ ಫೋನು ಬರುತ್ತಿತ್ತು. ನಾನು ಅಡುಗೆ ಮಾಡುತ್ತಿದ್ದರೆ ನನ್ನ ಗಂಡ ಎತ್ತಿಕೊಂಡು, "ನಿನ್ನ ತಮ್ಮ ನೀರು ಬಿಟ್ಟಿದಾನಂತೆ" ಎಂದು ಹೇಳಿ ಮತ್ತೆ ಪೇಪರಿಗೆ ತಿರುಗುತ್ತಿದ್ದರು. ಮನೆಗೆ ಬಂದ ನೆಂಟರೊಬ್ಬರು ಒಮ್ಮೆ ನಮಗೆ ಚಿಂತಾಮಣಿಯ ಹತ್ತಿರವೂ ತೋಟವಿದೆ ಎಂದುಕೊಂಡು ಹೋದರು.

ಮೂರನೆಯ ಭಾಗ ಬಂದದ್ದು ಇತ್ತೀಚಿನ ಒಂದು ಬೇಸಿಗೆ ರಜೆಯಲ್ಲಿ. ಬೆಲೆಯನ್ನು ಎರಡೆರಡು ಸಲ ನೋಡಿದೆ. ಮೊದಲೆಲ್ಲ ನಮ್ಮ ದೇಶಕ್ಕೆ ಒಂದು ರೇಟು, ಡಾಲರಿನ ದೇಶಕ್ಕೆ ಒಂದು ರೇಟು ಇರುತ್ತಿತ್ತು. ಈಗ ಯಾರೋ ಡಾಲರನ್ನು ನೇರ ರೂಪಾಯಿಗೆ ಗುಣಿಸಿ ಇಟ್ಟಿದ್ದರು. ನಮ್ಮ ಮನೆಯ ತಿಂಗಳ ಹಾಲು, ತರಕಾರಿ, ಗ್ಯಾಸು ಸೇರಿಸಿದರೂ ಅಷ್ಟಾಗುವುದಿಲ್ಲ. ಅದೂ ಬರಿಯ ಆಟಕ್ಕೆ. ಕಲ್ಲಿನ ಸೇತುವೆ ಬೇಕಾದರೆ ಬೇರೆ ದುಡ್ಡು, ಸಂತೆಗೆ ಹೆಂಚಿನ ಮಾಡು ಬೇಕಾದರೆ ಬೇರೆ ದುಡ್ಡು. ಊರು ಕಟ್ಟುವ ಆಟದಲ್ಲಿ ಸೇತುವೆಯನ್ನು ಬೇರೆ ಮಾಡಿ ಮಾರುವವನ ಬುದ್ಧಿಗೆ ಏನೆನ್ನಬೇಕು?

ತಮ್ಮನಿಗೆ ಹೇಳಿದೆ.

"ಅಷ್ಟಾ? ಬೇಡಕ್ಕ, ದೀಪಾವಳಿಗೆ ಇಳೀತದೆ."

"ದೀಪಾವಳಿಗೆ ನಂಗೆ ಇಷ್ಟ್ ರಜಾ ಎಲ್ಲಿರುತ್ತೋ?"

"ನೋಡ್ದೆ ಮಾಡ್ದೆ ಅಷ್ಟ್ ದುಡ್ಡು ಹೆಂಗ್ ಹಾಕ್ತೀಯ? ಗೂಡಾದ್ರೆ ಮಾರ್ಕೆಟ್‌ನಲ್ಲಿ ಕೈ ಹಾಕಿ, ಕಿವಿ ಹತ್ರ ಅಲ್ಲಾಡ್ಸಿ ನೋಡಿ ಆಮೇಲೆ ಕೂಗ್ತಾರೆ. ಇದನ್ನ ಏನ್ ಅಲ್ಲಾಡ್ಸಿ ನೋಡ್ತೀಯ?"

"ಟ್ರೈಲರ್ ಬಿಟ್ಟಿದಾರೆ."

"ಅದನ್ನೂ ಅವ್ರೇ ಮಾಡಿರೋದಲ್ವಾ?"

ಇಷ್ಟು ಹೊತ್ತಿನೊಳಗೆ ವಾಪಸು ಮಾಡಬಹುದು ಎಂಬ ನಿಯಮವೇನೋ ಇತ್ತು. ಆದರೆ ಆ ಹೊತ್ತೆಲ್ಲ ಆಟ ಕಲಿಸುವುದರಲ್ಲೇ ಕಳೆದುಹೋಗುತ್ತದೆ, ಊರಿಗೆ ಇನ್ನೂ ಒಬ್ಬ ಮನುಷ್ಯ ಬಂದಿರುವುದಿಲ್ಲ. ಗಂಡ ಮಾತ್ರ, "ಅದೇ ದುಡ್ಡಿಗೆ ಒಂದು ಒಳ್ಳೆ ಸೀರೆ ಬರ್ತಿತ್ತು" ಅಂದರು. ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳಿಗೆ ಸೀರೆಯ ಆಸೆ ತೋರಿಸುವುದು ದಂಡ. ಕೊಂಡೆ.

ಡೌನ್‌ಲೋಡ್ ಆಗಲು ದಿನಗಳೇ ಹಿಡಿದವು. ಆಮೇಲೆ ಶುರುವಾಯಿತು ಕಾಟ. ನಕಲು ತಡೆಯುವುದಕ್ಕೆಂದು ಆಟದೊಳಗೆ ಒಂದು ಕಾವಲು ಇಟ್ಟಿದ್ದರು. ಒಬ್ಬಳೇ ಕೂತು ಆಡುವ ಆಟಕ್ಕೂ ಇಂಟರ್ನೆಟ್ ಇರಲೇಬೇಕು, ಆಗಾಗ ಅದು ಎಲ್ಲಿಗೋ ಸುದ್ದಿ ಕಳಿಸಿ ನಾನು ಕಳ್ಳಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ಇಂಟರ್ನೆಟ್ ಡಬ್ಬಿ ಸತ್ತುಹೋಗುತ್ತದೆ. ಕಾಲುವೆ ಅರ್ಧ ಎಳೆದಿರುವಾಗ ಊರು ನಿಂತುಬಿಡುತ್ತದೆ, ಗಾಡಿ ಹೊಡೆಯುವವನ ಚಾಟಿ ಗಾಳಿಯಲ್ಲೇ ಉಳಿಯುತ್ತದೆ. ಮೇಲೂರಿನಲ್ಲಿ ಕರೆಂಟಿನ ಕಥೆ ಹೇಳುವುದೇ ಬೇಡ. ಜೊತೆಗೆ ಆ ಕಾವಲಿನ ಭಾರಕ್ಕೆ ನನ್ನ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು.

ಕೆಟ್ಟಿದೆಯೇನೋ ಎಂದು ಚಿಂತಾಮಣಿಯ ಒಬ್ಬ ರಿಪೇರಿ ಅಂಗಡಿಯವರಿಗೆ ತೋರಿಸಿದೆ. ಅವರು ತಮ್ಮ ಹಳೆಯ ಮಿಷನ್ನಿನಲ್ಲಿ ಅದೇ ಆಟವನ್ನು ತೆರೆದು ತೋರಿಸಿದರು. ಇಂಟರ್ನೆಟ್ ಇಲ್ಲ, ಸದ್ದಿಲ್ಲ, ಬೆಣ್ಣೆಯ ಹಾಗೆ ಓಡುತ್ತಿತ್ತು. ಕಲ್ಲಿನ ಸೇತುವೆಯೂ ಇತ್ತು.

"ಇದು ಕ್ರ್ಯಾಕ್ ಮೇಡಂ, ಕಾವಲು ಮುರಿದಿರೋ ಕಾಪಿ. ದುಡ್ಡು ಕೊಟ್ಟಿರೋರಿಗೇ ಇವೆಲ್ಲ ಬಾಧಲು. ಹಾಕ್ಕೊಡ್ಲಾ?"

"ಬೇಡಿ."

"ಎಂದುಕಂಡಿ ಮೇಡಂ, ಯಾಕ್ ಬೇಡ? ನೀವು ಹೆಂಗೂ ದುಡ್ಡು ಕಟ್ಟಿದೀರಲ್ಲ, ಕಳ್ಳತನ ಆಗಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೂ ಬೇಡ ಅಂದೆ. ಆ ಕ್ರ್ಯಾಕಿನಲ್ಲಿ ಊರು ಹಾಕಿದ ಮಿಷನ್ನಿನೊಳಗೇ ಇರುತ್ತದೆ, ತಮ್ಮ ಅದಕ್ಕೆ ನೀರು ಕಟ್ಟಲು ಬರುವುದಿಲ್ಲ. ಅಸಲಿ ಆಟದಲ್ಲಿ ಊರು ಅಕೌಂಟಿನಲ್ಲಿ ಉಳಿಯುತ್ತದೆ. ಅವನು ಅಲ್ಲಿ ಬಿಟ್ಟದ್ದನ್ನು ನಾನು ಇಲ್ಲಿ ಹಿಡಿಯಬಹುದು. ನಾನು ಅಷ್ಟು ದುಡ್ಡು ಕೊಟ್ಟದ್ದು ಅದಕ್ಕೇ.

ಆ ಬೇಸಿಗೆಯಲ್ಲಿ ನಾವು ಕಟ್ಟಿದ ಊರು ನಮ್ಮ ಎಲ್ಲ ಊರುಗಳಿಗಿಂತ ಚೆನ್ನಾಗಿತ್ತು. ಅವನು ನದಿಯ ತಿರುವಿನಲ್ಲಿ ಮೊದಲ ಬಾವಿ ತೋಡಿ, ಅಲ್ಲಿಂದ ಮೂರು ಕವಲು ಕಾಲುವೆ ಎಳೆದ. ನಾನು ಕಾಲುವೆಯ ಉದ್ದಕ್ಕೂ ಬೀದಿ ತಂದೆ. ಸಂತೆಯ ಪಕ್ಕದಲ್ಲಿ ನಮ್ಮ ಮನೆಯಂಥದ್ದೇ ಒಂದು ಮನೆ ಕಟ್ಟಿದೆ, ಹಿತ್ತಲಿಗೆ ಬಾಗಿಲಿಟ್ಟು. ಮಾರನೆಯ ಸರದಿಗೆ ಅವನು ಅದರ ಮುಂದೆ ಹುಣಸೆಮರ ನೆಟ್ಟಿದ್ದ, ಅಪ್ಪ ಕೂರುತ್ತಿದ್ದ ಜಾಗದಲ್ಲಿ.

ಅಪ್ಪ ತೀರಿಕೊಂಡು ಆಗಲೇ ಸ್ವಲ್ಪ ಕಾಲವಾಗಿತ್ತು. ಜಮೀನು ಅಮ್ಮ, ನಾನು, ತಮ್ಮ ಮೂವರ ಹೆಸರಿಗೆ ಬಂದಿತ್ತು. ಶಾಲೆ ಶುರುವಾಗುವ ಹೊತ್ತಿಗೆ ಅಮ್ಮ ಫೋನು ಮಾಡಿದಳು. ತಮ್ಮ ಹೊಸ ಹುಳುಮನೆ ಕಟ್ಟಿಸಬೇಕು, ಬ್ಯಾಂಕಿನವರು ಸಾಲ ಕೊಡುತ್ತಾರೆ, ಆದರೆ ಜಮೀನು ಒಬ್ಬನ ಹೆಸರಲ್ಲಿದ್ದರೆ ಸಲೀಸು ಎಂದಿದ್ದಾರೆ.

"ನೀನೊಂದು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕ್ಬುಟ್ರೆ ಆಯ್ತು ಕಣಮ್ಮ. ಎಲ್ರ ಮನೇಲೂ ಹೆಣ್ಮಕ್ಳು ಹಾಕ್ಕೊಡ್ತಾರೆ. ನಿಂಗೆ ಸೀರೆ ಉಡ್ಸಿ, ಅರಿಶಿನ ಕುಂಕುಮ ಕೊಟ್ಟು ಕಳಿಸ್ತೀವಿ."

"ಅವನ್ಯಾಕೆ ಕೇಳ್ಲಿಲ್ಲ?"

"ಅವ್ನು ಹೆಂಗ್ ಕೇಳ್ತಾನೆ, ನಾಚ್ಕೊಂತಾನೆ."

ನನಗೆ ಜಮೀನಿನ ಆಸೆ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ, ಇತ್ತು ಎಂದರೂ ನಿಜವಲ್ಲ. ಅವನು ಕೇಳಲಿಲ್ಲ ಎಂಬುದು ಮಾತ್ರ ಚುಚ್ಚಿತು. ಆಟದ ಬೆಲೆಯಿಂದ ಹಿಡಿದು ಹುಳುವಿನ ಜ್ವರದವರೆಗೆ ದಿನಾ ಫೋನು ಮಾಡುವವನು ಇದೊಂದನ್ನು ಅಮ್ಮನ ಬಾಯಿಯಿಂದ ಹೇಳಿಸಿದ. ನಾನು ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುತ್ತೇನೆ ಎನ್ನುವುದು ತವರಿನಲ್ಲಿ ಇಲ್ಲ ಎನ್ನುವುದಕ್ಕಿಂತ ಕೆಟ್ಟ ಮಾತು.

ಆ ವಾರ ಸರದಿ ಕೆಟ್ಟಿತು. ಅವನು ನೀರು ಬಿಟ್ಟಿದ್ದೀನಿ ಅನ್ನಲಿಲ್ಲ, ನಾನು ಹೇಳಿಸಿಕೊಳ್ಳಲು ಕಾಯಲಿಲ್ಲ. ನಾನು ಒಳಗೆ ಹೋದರೆ ಅವನು ಹೊರಗೆ ಬೀಳುತ್ತಿದ್ದ. ಅವನು ಒಳಗೆ ಬಂದರೆ ನಾನು. ನನ್ನ ಲ್ಯಾಪ್‌ಟಾಪಿನಲ್ಲಿ ಆಗದಿದ್ದರೆ ಗಂಡನದರಲ್ಲಿ, ಅದೂ ಆಗದಿದ್ದರೆ ಮಗಳದರಲ್ಲಿ ನೋಡಿದೆ. ಅವನೂ ಎಲ್ಲೆಲ್ಲಿಂದ ನೋಡಿದನೋ. ಒಬ್ಬರೂ ಊರಿಗೆ ಒಂದು ಇಟ್ಟಿಗೆ ಇಡಲಿಲ್ಲ. ಫೋನಿನಲ್ಲಿ ಆಡದ ಜಗಳವನ್ನು ಹಾಗೆ ಆಡಿದೆವು. ಭಾನುವಾರ ಮಧ್ಯಾಹ್ನ ಆಟ ತೆರೆದಾಗ ಊರು ಬರಲಿಲ್ಲ, ಒಂದು ಸೂಚನೆ ಬಂತು. ಈ ಅಕೌಂಟು ತೀರಾ ಹೆಚ್ಚು ಯಂತ್ರಗಳಲ್ಲಿ ಬಳಕೆಯಾಗಿದೆ, ಅದಕ್ಕೇ ತಡೆಹಿಡಿಯಲಾಗಿದೆ, ಅಕೌಂಟಿನ ಮಾಲೀಕರು ತಮ್ಮ ಫೋನಿಗೆ ಬಂದ ಕೋಡನ್ನು ಹಾಕಿ ದೃಢಪಡಿಸಬೇಕು ಎಂದು.

ಕೋಡು ಹೋದದ್ದು ಅವನ ಫೋನಿಗೆ. ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದವು, ಕೋಡು ಬರಲಿಲ್ಲ. ಸಹಿ ಹಾಕುವವರೆಗೆ ಕೊಡುವುದಿಲ್ಲವೇನೋ ಎಂದುಕೊಂಡೆ. ನನಗೆ ಮೈ ಉರಿದುಹೋಯಿತು. ನನ್ನ ಸಂಬಳದ ದುಡ್ಡು, ನಾನು ಹಾಕಿದ ಬೀದಿಗಳು, ನಾನು ಕಟ್ಟಿದ ಮನೆ.

ಸಿಟ್ಟಿನಲ್ಲೇ ಕಂಪನಿಗೆ ಬರೆದೆ. ದುಡ್ಡು ಕಟ್ಟಿದ ರಸೀದಿಗಳನ್ನೆಲ್ಲ ಲಗತ್ತಿಸಿ, ಇವು ನನ್ನವು, ನನ್ನ ಆಟಗಳನ್ನು ನನಗೆ ಬೇರೆ ಮಾಡಿ ಕೊಡಿ ಎಂದು ಕೇಳಿದೆ. ಉತ್ತರ ಬಲು ಮರ್ಯಾದೆಯಿಂದ ಬಂತು. ಅಕೌಂಟು ಯಾರ ಹೆಸರಿನಲ್ಲಿದೆಯೋ ಅವರೇ ಅದರ ಹಕ್ಕುದಾರರು. ದುಡ್ಡು ಯಾರು ಕೊಟ್ಟರೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಏನನ್ನೂ ವರ್ಗಾಯಿಸಲು ಆಗುವುದಿಲ್ಲ. ಅಕೌಂಟನ್ನು ಇಬ್ಬರು ಬಳಸುವುದೇ ಒಪ್ಪಂದಕ್ಕೆ ವಿರುದ್ಧ, ದಯವಿಟ್ಟು ಒಪ್ಪಂದವನ್ನು ಓದಿಕೊಳ್ಳಿ.

ಓದಿದೆ. ಇಷ್ಟು ವರ್ಷ ಕಣ್ಣು ಮುಚ್ಚಿ 'ಒಪ್ಪಿದ್ದೇನೆ' ಒತ್ತಿದ್ದನ್ನು ಕನ್ನಡಕ ಹಾಕಿಕೊಂಡು ಮೊದಲ ಸಲ ಓದಿದೆ. ನೀವು ಆಟವನ್ನು ಕೊಂಡಿಲ್ಲ, ಬಳಸಲು ನಿಮಗೆ ಅನುಮತಿ ಕೊಡಲಾಗಿದೆ, ಆ ಅನುಮತಿಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ಬರೆದಿತ್ತು. ಅಂದರೆ ಅಂಗಡಿಯಲ್ಲಿ 'ಕೊಳ್ಳಿ' ಎಂದು ದೊಡ್ಡದಾಗಿ ಬರೆದ ಗುಂಡಿ ಒತ್ತಿ ನಾನು ಕೊಂಡದ್ದು ಏನೂ ಇರಲಿಲ್ಲ. ನಗು ಬರಲಿಲ್ಲ. ಮೇಲೂರಿನ ಮನೆಯಲ್ಲಿ ನನಗೊಂದು ಕೋಣೆ ಇದೆ, ಒಂದು ತಟ್ಟೆ ಇದೆ. ಹೋದಾಗಲೆಲ್ಲ ಅಮ್ಮ ನನ್ನನ್ನೇ ಮೊದಲು ಊಟಕ್ಕೆ ಕೂರಿಸುತ್ತಾಳೆ. ಅದೂ ಇಂಥದ್ದೇ ಒಂದು ಅನುಮತಿಯೇ ಎಂಬ ಯೋಚನೆ ಬಂತು, ಬಂದ ಮೇಲೆ ಹೋಗಲಿಲ್ಲ.

ನಾನು ಹೂಂ ಅನ್ನುವ ಮೊದಲೇ ಶಿಡ್ಲಘಟ್ಟದ ನೋಂದಣಿ ಕಚೇರಿಗೆ ದಿನ ಗೊತ್ತು ಮಾಡಿದ್ದರು. ನಾನು ಚಿಂತಾಮಣಿಯಿಂದ ಬಸ್ಸಿನಲ್ಲಿ ಹೋದೆ. ಅಮ್ಮ ಹೊಸ ಸೀರೆಯ ಚೀಲ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ತಮ್ಮ ಆಚೆ ನಿಂತಿದ್ದ. ಪತ್ರ ಬರೆಯುವವರು ಕಾಗದಗಳನ್ನು ಮುಂದಿಟ್ಟು ಸಹಿಯ ಜಾಗಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು. ನಾನು ಮೊದಲ ಹಾಳೆಯಿಂದ ಓದತೊಡಗಿದೆ.

"ಎಲ್ಲಾ ಮಾಮೂಲೇ ಮೇಡಂ. ಯಾರೂ ಓದಲ್ಲ" ಅಂದರು ಅವರು.

"ನಾನೂ ಓದ್ತಿರ್ಲಿಲ್ಲ. ಈಚೆಗೆ ಅಭ್ಯಾಸ ಆಗಿದೆ."

ಸಹೋದರನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಜಮೀನು, ಮನೆ, ಹುಣಸೆಮರ, ಬಾವಿಯಲ್ಲಿ ನಮ್ಮ ಪಾಲಿನ ಸರದಿ, ಎಲ್ಲ ಬರೆದಿತ್ತು. ಬಾವಿಯ ಸಾಲಿನ ಹತ್ತಿರ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಎದ್ದು ತಮ್ಮನ ಹತ್ತಿರ ಹೋದೆ.

"ಕೋಡ್ ಯಾಕೋ ಕೊಡ್ಲಿಲ್ಲ?"

"ಯಾವ್ ಕೋಡು? ಓ, ಅದಾ. ಹುಳ ಹಣ್ಣಾಗಿತ್ತು ಕಣಕ್ಕ, ಚಂದ್ರಿಕೆಗೆ ಬಿಡ್ತಾ ಇದ್ವಿ. ಕೈ ಬಿಡುವಾಗೋಷ್ಟ್ರಲ್ಲಿ ಅದ್ರ ಟೈಮೇ ಮುಗಿದಿತ್ತು. ನೀನೇ ಪಾಸ್‌ವರ್ಡ್ ಬದಲಾಯ್ಸಿ ನನ್ನ ಹೊರಗ್ ಹಾಕಿದೀಯ ಅಂದ್ಕೊಂಡಿದ್ದೆ" ಅಂದ.

ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಯವರೆಲ್ಲ ನಿಂತರೂ ಕೈ ಸಾಲುವುದಿಲ್ಲ. ಅದು ನನಗೂ ಗೊತ್ತು. ಆದರೂ ನನ್ನ ಮನಸ್ಸು ಬದಲಾಗಲಿಲ್ಲ.

"ಪತ್ರಕ್ಕೆ ನಾನು ಸೈನ್ ಹಾಕಲ್ಲ. ಸಾಲಕ್ಕೆ ಹಾಕ್ತೀನಿ. ಮೂರು ಜನದ ಹೆಸರಲ್ಲೇ ಇರ್ಲಿ, ಮೂರು ಜನಾನೂ ಸಾಲಕ್ಕೆ ನಿಲ್ಲೋಣ."

"ನಿಂಗ್ಯಾಕಕ್ಕ ಆ ತಲೆನೋವು?"

"ನಂದು ಅಂದ್ಮೇಲೆ ತಲೆನೋವೂ ನಂದೇ ಅಲ್ವೇನೋ?"

ಅವನು ನೆಲ ನೋಡಿದ. ಇಳಿಜಾರು ನೋಡುವಾಗಲೂ ಹಾಗೇ ನೋಡುತ್ತಾನೆ. ಕೊನೆಗೆ "ನಿನ್ನಿಷ್ಟ" ಅಂದ. ಅಮ್ಮ ಮಾತ್ರ ಸೀರೆಯ ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕೆ ಇಟ್ಟುಕೊಂಡಳು. ಬಸ್ಸು ಹತ್ತುವಾಗ ಅದನ್ನು ನನಗೆ ಕೊಡಲಿಲ್ಲ.

ಸಾಲ ಸಿಕ್ಕಿತು. ಬ್ಯಾಂಕಿಗೆ ನಾನು ಮತ್ತೆ ಮತ್ತೆ ಹೋಗಬೇಕಾಯಿತು, ಅಷ್ಟೇ. ಮಳೆಗಾಲದಲ್ಲೇ ಹುಳುಮನೆಯ ಗೋಡೆ ಎದ್ದಿತು. ಅಕೌಂಟಿನ ತಡೆಯನ್ನೂ ತಮ್ಮ ತೆಗೆಸಿದ. ಆದರೆ ಫೋನು ಬರಲಿಲ್ಲ. ಸರದಿಯ ಫೋನಿರಲಿ, ಬರಿಯ ಫೋನೂ ಕಡಿಮೆಯಾಯಿತು. ನನಗೆ ಪಾಸ್‌ವರ್ಡ್ ಗೊತ್ತಿತ್ತು, ಒಳಗೆ ಹೋಗಬಹುದಿತ್ತು. ಅವನು ನೀರು ಬಿಟ್ಟಿದ್ದೀನಿ ಎಂದು ಹೇಳದೆ ನಾನು ಹೇಗೆ ಹೋಗುವುದು? ಜನ ಇದ್ದಾರೋ ಬಿಟ್ಟುಹೋದರೋ, ಕಾಲುವೆಯಲ್ಲಿ ನೀರಿದೆಯೋ ಇಲ್ಲವೋ, ಊರು ಹೇಗಿದೆ ಎಂದು ಗೊತ್ತಿಲ್ಲದೆ ವಾರಗಳು ಕಳೆದವು. ಒಮ್ಮೆ ಮೇಲೂರಿಗೆ ಹೋದಾಗ ಅಮ್ಮ ನನ್ನನ್ನು ಮೊದಲು ಊಟಕ್ಕೆ ಕರೆಯಲಿಲ್ಲ. ಎಲ್ಲರದ್ದೂ ಆದ ಮೇಲೆ ತನ್ನ ಜೊತೆಗೆ ಕೂರಿಸಿಕೊಂಡಳು. ಅದು ಸಿಟ್ಟೋ, ಮನೆಯವಳೆಂದು ಒಪ್ಪಿದ್ದೋ ನನಗೆ ಇವತ್ತಿಗೂ ತಿಳಿಯದು.

ಗೌರಿ ಹಬ್ಬ ಬಂತು. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರುವ ಹಬ್ಬ. ಪ್ರತಿ ವರ್ಷ ತಮ್ಮ ಹಿಂದಿನ ದಿನವೇ ಬೈಕಿನಲ್ಲಿ ಬಂದು ಮೊರ, ಬಳೆ, ರವಿಕೆ ಬಟ್ಟೆ, ಸ್ವಲ್ಪ ದುಡ್ಡು ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದ. ಆಸ್ತಿಯಲ್ಲಿ ಹೆಸರು ಉಳಿಸಿಕೊಂಡವಳಿಗೆ ಬಾಗಿನವೇಕೆ ಎಂದು ಕೇಳುವ ಮನೆಗಳಿವೆ. ಹಿಂದಿನ ದಿನ ಅವನು ಬರಲಿಲ್ಲ. ಹಬ್ಬದ ಬೆಳಿಗ್ಗೆಯೂ ಬರಲಿಲ್ಲ. ನಾನು ಬೈಕಿನ ಸದ್ದಿಗೆಲ್ಲ ಬಾಗಿಲಿಗೆ ಹೋದೆ. ಗಂಡ ನೋಡಿಯೂ ನೋಡದವರಂತೆ ಇದ್ದರು.

ಮಧ್ಯಾಹ್ನ ಅಮ್ಮನ ಫೋನು ಬಂತು.

"ಬಾಗಿನ ಬಂತೇನಮ್ಮ? ಹುಳ ಬಿಟ್ಟು ಹೋಗಕ್ಕಾಗಲ್ಲ, ಕಂಪ್ಯೂಟ್ರಲ್ಲೇ ಕಳ್ಸಿದೀನಿ ಅಂದ. ಅದ್ರಲ್ಲಿ ಬಾಗಿನ ಹೆಂಗ್ ಕಳಿಸ್ತಾರೋ ನಂಗೊಂದೂ ತಿಳೀಲಿಲ್ಲ."

ಇಮೇಲು ನೋಡಿದೆ. ಆಟ ಮಾರುವ ಅಂಗಡಿಯಿಂದ ಬಂದಿತ್ತು, ನಿಮಗೊಂದು ಉಡುಗೊರೆ ಇದೆ ಎಂದು. ಅದೇ ಮೂರನೆಯ ಭಾಗ, ಕಲ್ಲಿನ ಸೇತುವೆಯ ಸಮೇತ. ಬೆಲೆ ಇನ್ನೂ ಇಳಿದಿರಲಿಲ್ಲ. ದೀಪಾವಳಿಗೆ ಕಾಯೋಣ ಅನ್ನುವವನು ಪೂರ್ತಿ ರೇಟು ಕೊಟ್ಟಿದ್ದ. ಪಡೆದುಕೊಳ್ಳಲು ನನ್ನದೇ ಅಕೌಂಟು ತೆರೆಯಬೇಕಿತ್ತು. ನನ್ನ ಹೆಸರು, ನನ್ನ ನಂಬರು ಹಾಕಿದೆ. ಒಪ್ಪಂದ ಬಂತು, ಅದೇ ಒಪ್ಪಂದ. ಹೆಸರು ನನ್ನದಾದರೂ ಆಟ ನನ್ನದಲ್ಲ ಎಂದು ಅದು ಮತ್ತೆ ಹೇಳಿತು. ಒಪ್ಪಿದೆ.

ಆಟ ತೆರೆದುಕೊಂಡಿತು. ಖಾಲಿ ನೆಲ, ಒಂದು ನದಿ. ನಮ್ಮ ಊರು ಅವನ ಅಕೌಂಟಿನಲ್ಲಿತ್ತು. ಅದನ್ನು ಇತ್ತ ತರಲು ಬರುವುದಿಲ್ಲವೆಂದು ಕಂಪನಿ ಮೊದಲೇ ಹೇಳಿತ್ತು. ತಮ್ಮನಿಗೆ ಫೋನು ಮಾಡಿದೆ.

"ಬಂತು ಕಣೋ."

"ಬಂತಾ? ಓಡ್ತದಾ?"

"ಓಡುತ್ತೆ. ಯಾಕೋ ಅಷ್ಟು ದುಡ್ಡು ಹಾಕ್ದೆ?"

"ಇರ್ಲಿ ಬಿಡಕ್ಕ, ಹಬ್ಬ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಮೇಲೆ ಮೊದಲಿನ ಹಾಗೇ ಇತ್ತು, ಖುಷಿಯಲ್ಲೇ ಇದ್ದ. "ಇನ್ಮೇಲೆ ಸರದಿ ಗಿರದಿ ಏನೂ ಬೇಡ. ನಿಂಗೆ ಯಾವಾಗ್ ಬೇಕೋ ಆವಾಗ್ ಆಡ್ಕೋ. ನನ್ನ ಕೇಳೋದೇ ಬೇಡ."

"ಹೂಂ" ಅಂದೆ.

ಅವನು ಫೋನಿಟ್ಟ ಮೇಲೂ ನಾನು ಆ ಖಾಲಿ ನೆಲದ ಮುಂದೆ ಕೂತೇ ಇದ್ದೆ. ಮೊದಲ ಬಾವಿ ಎಲ್ಲಿ ತೋಡಬೇಕೆಂದು ಯಾವತ್ತೂ ಅವನೇ ಹೇಳುತ್ತಿದ್ದ.